ತ್ಯಾವರೆಕೊಪ್ಪದ ಹಾದಿಯ ಮನೆಗಳು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ತ್ಯಾವರೆಕೊಪ್ಪ ಸಿಗುತ್ತದೆ. ನಾಡಿನ ಜನರಿಗೆ ಈ ಹೆಸರು ಪರಿಚಿತವಾದದ್ದು 1988ರಲ್ಲಿ ಆರಂಭವಾದ ಹುಲಿ-ಸಿಂಹಧಾಮದಿಂದ. ರಜೆಯ ದಿನಗಳಲ್ಲಿ ಮಕ್ಕಳೊಡನೆ ಬರುವ ಕುಟುಂಬಗಳು ಧಾಮದ ವಾಹನವೇರಿ, ಮರಗಳ ನೆರಳಿನಲ್ಲಿ ಮಲಗಿದ ಸಿಂಹವನ್ನು ಕಂಡು, ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತವೆ. ನಾವು ಈ ಸಲ ಹುಲಿಯನ್ನು ನೋಡಲು ಹೋದವರಲ್ಲ. ಆ ಹಾದಿಯ ಹಳ್ಳಿಗಳ ಮನೆಗಳನ್ನು, ಅದರಲ್ಲಿಯೂ ಅವುಗಳ ಅಡಿಗೆಮನೆ, ಬಚ್ಚಲು ಹಾಗೂ ಮಾಡುಗಳನ್ನು ನೋಡುವ ಉದ್ದೇಶದಿಂದ ಎರಡು ದಿನ ಅಲ್ಲಿ ತಿರುಗಾಡಿದೆವು. ಇದೇನು ನೋಡತಕ್ಕ ಸಂಗತಿಯೇ ಎಂದು ಓದುಗರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬರಬೇಕೆಂದು ವಿನಂತಿ.

ಈ ಪ್ರದೇಶ ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಹೊಸ್ತಿಲು. ಪೂರ್ವಕ್ಕೆ ಭದ್ರಾವತಿ, ಪಶ್ಚಿಮಕ್ಕೆ ಕಾಡು. ಇಲ್ಲಿನ ಹಳೆಯ ಮನೆಗಳನ್ನು ಕಟ್ಟಿದವರು ಶಾಖ ಮತ್ತು ಮಳೆ ಎರಡನ್ನೂ ಬಲ್ಲವರಾಗಿದ್ದರು. ಮಣ್ಣಿನ ದಪ್ಪ ಗೋಡೆ, ಮುಂದೆ ಜಗಲಿ, ನಡುಮನೆಯ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಹೆಂಚು ಬಿಸಿಲಿಗೆ ಕಾದರೂ ಅಟ್ಟದ ನಡುವಿನ ಗಾಳಿ ಆ ಶಾಖವನ್ನು ಕೆಳಕ್ಕೆ ಬಿಡುವುದಿಲ್ಲ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಇಟ್ಟರೆ ಹಗಲಿನಲ್ಲಿ ದೀಪವೇ ಬೇಡ. ಈಗ ಇಂತಹ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಜಾಗದಲ್ಲಿ ಏಳುತ್ತಿರುವ ತಾರಸಿ ಮನೆಗಳು ಹಗಲಿಡೀ ಬಿಸಿಲು ಕುಡಿದು ರಾತ್ರಿಯಿಡೀ ಅದನ್ನು ಒಳಗೆ ಸುರಿಯುತ್ತವೆ. ಏಪ್ರಿಲ್ ತಿಂಗಳಲ್ಲಿ ಅಂಥ ಮನೆಯಲ್ಲಿ ಮಲಗಿದವರಿಗೆ ಫ್ಯಾನು ಬೇಕು, ಫ್ಯಾನು ಸಾಲದಾದಾಗ ಕೂಲರು ಬೇಕು. ತಾರಸಿಗೆ ವರ್ಷಕ್ಕೊಮ್ಮೆ ದಟ್ಟವಾಗಿ ಬಿಳಿ ಸುಣ್ಣ ಬಳಿದರೆ ಒಳಗಿನ ಶಾಖ ತಗ್ಗುತ್ತದೆ ಎಂಬ ಅಗ್ಗದ ಉಪಾಯವನ್ನೂ ನಾವು ಕಂಡ ಮನೆಗಳಲ್ಲಿ ಕೆಲವರು ಮಾತ್ರ ಮಾಡಿದ್ದರು.

ಒಂದು ಮನೆಯಲ್ಲಿ ಇದೇ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದಿತ್ತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಮ್ಮನಿಗೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಬಯಕೆ. ಅಡಿಕೆ ಮತ್ತು ಶುಂಠಿ ಬೆಳೆಯುವ ಅಣ್ಣನಿಗೆ ತೋಟದ ಮೇಲೆ ಅಷ್ಟು ದೊಡ್ಡ ಸಾಲ ಹೊರುವ ಭಯ. ಶುಂಠಿಯ ಬೆಲೆಯನ್ನು ನಂಬಿ ಕಂತು ಕಟ್ಟುವುದು ಹೇಗೆ? ಮನೆಯ ಹಿರಿಯ ತಾಯಿಯವರು ಇಬ್ಬರ ಮಾತನ್ನೂ ಕೇಳಿ, "ಮನಿ ಕೆಡವೋದು ಆಮ್ಯಾಲೆ ನೋಡ್ಕಳಿ. ಮೊದ್ಲು ಆ ಬಚ್ಚಲ ಹೊಗೆ ನಿಲ್ಲಿಸ್ರಪ್ಪ, ಸೊಸಿ ಕೆಮ್ಮು ಕೇಳಕ್ಕಾಗ್ತಿಲ್ಲ" ಎಂದರಂತೆ. ಮೂವರಲ್ಲಿ ಮನೆಯ ರೋಗವನ್ನು ಸರಿಯಾಗಿ ಗುರುತಿಸಿದವರು ಅವರೇ ಎಂದು ನಮಗೆ ತೋರಿತು.

ಮಲೆನಾಡಿನ ಮನೆಗಳಲ್ಲಿ ಅಡಿಗೆಗೆ ಗ್ಯಾಸು ಬಂದು ಬಹಳ ಕಾಲವಾದರೂ ಸ್ನಾನದ ನೀರಿಗೆ ಹಂಡೆಯ ಒಲೆ ಉಳಿದೇ ಇದೆ. ಮಳೆಗಾಲದಲ್ಲಿ ಅದು ಬೆಳಗಿನಿಂದ ಆರುವುದಿಲ್ಲ. ಹಳೆಯ ಮಾದರಿಯ ತೆರೆದ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಮಿಕ್ಕದ್ದು ಗೋಡೆಗೆ, ಗಾಳಿಗೆ, ಹೆಂಗಸರ ಕಣ್ಣಿಗೆ. ಇದಕ್ಕೆ ಪರಿಹಾರ ನಮ್ಮ ನಾಡಿನಲ್ಲಿಯೇ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ನೆಲೆ ಮಾಡಿಕೊಂಡು, ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೊತ್ತು ತರಲು ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದರು. ಅದರ ಫಲವೇ 'ಅಸ್ತ್ರ ಒಲೆ'. ಮೂರು ಪಾತ್ರೆಗಳನ್ನು ಸಾಲಾಗಿ ಇಡುವ, ಬಾಗಿಲಿನಿಂದ ಗಾಳಿಯನ್ನು ಹದಗೊಳಿಸುವ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸುವ ಒಲೆ ಅದು. ಅದೇ ತತ್ತ್ವದ ಮೇಲೆ ಹಂಡೆಯ ಒಲೆಯನ್ನೂ ಕಟ್ಟುವ ಕೈಗಳು ಮಲೆನಾಡಿನಲ್ಲಿ ಇವೆ. ಕಟ್ಟುವುದಕ್ಕೆ ಮಣ್ಣು, ಇಟ್ಟಿಗೆ, ಒಂದು ಕೊಳವೆ, ಒಂದು ಕಬ್ಬಿಣದ ಜಾಲರಿ ಸಾಕು. ಆದರೆ ಅಳತೆ ತಪ್ಪಬಾರದು. ಬಾಯಿ ದೊಡ್ಡದಾದರೆ ಹಳೆಯ ಒಲೆಯೇ ಮತ್ತೆ ಬಂದಂತೆ. ವರ್ಷಕ್ಕೆರಡು ಬಾರಿ ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಹಿಂದಿರುಗುತ್ತದೆ. ಸರಕಾರದ ಯೋಜನೆಗಳಲ್ಲಿ ಹಿಂದೆ ಕಟ್ಟಿದ ಎಷ್ಟೋ ಒಲೆಗಳು ಈ ಎರಡು ಕಾರಣಗಳಿಂದಲೇ ಮೂಲೆಗೆ ಬಿದ್ದವು.

ಸೂರ್ಯನ ಶಾಖದಿಂದ ನೀರು ಕಾಯಿಸುವ ಸಾಧನ ಶಿವಮೊಗ್ಗ ನಗರದ ಮನೆಗಳ ಮೇಲೆ ಈಗ ಸಾಮಾನ್ಯ ದೃಶ್ಯ. ತ್ಯಾವರೆಕೊಪ್ಪದ ಆಚೆಗೆ ಮೋಡ ಹೆಚ್ಚು. ಜೂನಿನಿಂದ ಆಗಸ್ಟಿನವರೆಗೆ ಅದನ್ನೊಂದನ್ನೇ ನಂಬಿ ಕೂರಲಾಗದು. ಆ ಮೂರು ತಿಂಗಳಿಗೆ ಸುಧಾರಿತ ಹಂಡೆಯ ಒಲೆ, ಉಳಿದ ಒಂಬತ್ತು ತಿಂಗಳಿಗೆ ಸೂರ್ಯ ಎಂಬ ಜೋಡಣೆಯೇ ಈ ಸೀಮೆಗೆ ಒಪ್ಪುತ್ತದೆ. ಹಾಗಲ್ಲದೆ ವಿದ್ಯುತ್ ಗೀಸರು ಹಾಕಿದರೆ ಏನಾಗುವುದೆಂದು ನೋಡೋಣ. 2 ಕಿಲೋವಾಟಿನ ಗೀಸರು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಳೆಯ ಮಾದರಿಯ 75 ವಾಟಿನ ಫ್ಯಾನುಗಳು ನಾಲ್ಕು, ದಿನಕ್ಕೆ ಹತ್ತು ಗಂಟೆ ತಿರುಗಿದರೆ 90 ಯೂನಿಟ್. ಅದೇ ಕೆಲಸವನ್ನು ಹೊಸ ಮಾದರಿಯ 30 ವಾಟಿನ ಫ್ಯಾನುಗಳು 36 ಯೂನಿಟ್ಟಿನಲ್ಲಿ ಮಾಡುತ್ತವೆ. 60 ವಾಟಿನ ಬಲ್ಬಿನ ಬದಲು 9 ವಾಟಿನ ಎಲ್‌ಇಡಿ ಬಂದದ್ದಂತೂ ಎಲ್ಲರಿಗೂ ತಿಳಿದ ವಿಷಯ. ಕರ್ನಾಟಕದಲ್ಲಿ 2015ರ ಕೊನೆಗೆ 'ಹೊಸ ಬೆಳಕು' ಯೋಜನೆ ಆರಂಭವಾದ ಮೇಲೆ ಅವು ಹಳ್ಳಿಯ ಅಂಗಡಿಗೂ ಬಂದವು.

ಗೃಹಜ್ಯೋತಿ ಯೋಜನೆಯಿಂದಾಗಿ 2023ರಿಂದ ಬಹುಪಾಲು ಮನೆಗಳಿಗೆ ಬಿಲ್ಲೇ ಬರುತ್ತಿಲ್ಲ, ಇನ್ನು ಉಳಿತಾಯ ಏಕೆ ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರತಿ ಮನೆಯ ಉಚಿತ ಪಾಲು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿಯಾಗಿ ನಮ್ಮದೇ. ಸೊಸೆ ಬಂದು, ಮೊಮ್ಮಕ್ಕಳು ಬೆಳೆದು, ಗೀಸರು ಸೇರಿದ ಮನೆ ಆ ಗೆರೆಯನ್ನು ದಾಟಲು ಹೆಚ್ಚು ಕಾಲ ಬೇಕಿಲ್ಲ.

ಹಣದ ಮಾತಿಗೆ ಬರೋಣ. ಬೇರೆಯವರು ಲಾಭ ತೋರಿಸಿದರೂ ಮನೆಯವರು ಹಿಂಜರಿಯುವುದು ಮೊದಲ ದಿನ ಒಟ್ಟಿಗೆ ಕೊಡಬೇಕಾದ ಮೊತ್ತಕ್ಕೆ. ಈ ಗಂಟನ್ನು ಮೊದಲು ಬಿಚ್ಚಿದ್ದೂ ಕರ್ನಾಟಕವೇ. 1995ರಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆ ಸೌರದೀಪಗಳನ್ನು ಮಾರುವುದರ ಜೊತೆಗೆ ಬ್ಯಾಂಕುಗಳ ಬಾಗಿಲನ್ನೂ ತಟ್ಟಿತು. ಅಂದಿನ ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಹಳ್ಳಿಯ ಮನೆಗೆ ದೀಪಕ್ಕಾಗಿ ಸಾಲ ಕೊಟ್ಟವು. ಇಂದು ಆ ಎರಡು ಹೆಸರುಗಳೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಅವು ಹಾಕಿಕೊಟ್ಟ ದಾರಿ ಉಳಿದಿದೆ. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಂದೆಯವರು ಹೇಳುವ ಒಂದು ಮಾತು ಪ್ರಸಿದ್ಧ: ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ. ಕಂತು ಎಷ್ಟು ಎಂಬುದಕ್ಕಿಂತ ಅದು ಆದಾಯದ ಕಾಲಕ್ಕೆ ಹೊಂದುತ್ತದೆಯೇ ಎಂಬುದು ಮುಖ್ಯ. ಅಡಿಕೆಯವರಿಗೆ ಕೊಯ್ಲಿನ ನಂತರದ ಕಂತು, ಹಾಲು ಹಾಕುವವರಿಗೆ ಬಟವಾಡೆಯ ಕಂತು ಸರಿಹೋಗುತ್ತದೆ.

ಮಾಡಿನ ಮೇಲೆ ಸೌರಫಲಕ ಹಾಕಿ ವಿದ್ಯುತ್ ತಯಾರಿಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. 3 ಕಿಲೋವಾಟಿನವರೆಗೆ ಅಡಮಾನವಿಲ್ಲದೆ ಬ್ಯಾಂಕು ಸಾಲ ಕೊಡುತ್ತದೆ. ಸಹಾಯಧನ ಕೈಸೇರುವುದು ಕೆಲಸ ಮುಗಿದ ಮೇಲೆ ಎಂಬುದನ್ನು ನೆನಪಿಡಬೇಕು. ಬ್ಯಾಟರಿ ಇಲ್ಲದ ಇಂತಹ ಜೋಡಣೆ ಲೈನು ಹೋದಾಗ ತಾನೂ ನಿಲ್ಲುತ್ತದೆ. ಮಳೆಗಾಲದ ಕತ್ತಲೆಗೆ ಇದೇ ಪರಿಹಾರವೆಂದು ತಿಳಿದು ಯಾರೂ ಸಾಲ ಮಾಡಬಾರದು. ಮೊದಲು ಒಲೆ, ಮಾಡು, ಫ್ಯಾನುಗಳನ್ನು ಸರಿಪಡಿಸಿ, ಬಳಕೆ ಇಳಿದ ಮೇಲೆ ಫಲಕದ ಮಾತು ಎತ್ತಿದರೆ ಸಣ್ಣ ಫಲಕವೇ ಸಾಕಾಗುತ್ತದೆ.

ನಾವು ಹೇಳಿದ ಅಣ್ಣತಮ್ಮಂದಿರು ಹೀಗೆಯೇ ಮಾಡಿದ್ದಾರೆ. ಸಹಕಾರ ಸಂಘದಿಂದ ಸಣ್ಣ ಸಾಲ ಪಡೆದು ಬಚ್ಚಲ ಒಲೆ ಕಟ್ಟಿಸಿ, ಒಡೆದ ಹೆಂಚು ಬದಲಿಸಿ, ಅಟ್ಟದ ಹಲಗೆಗಳನ್ನು ಕೂಡಿಸಿದ್ದಾರೆ. ತಮ್ಮನು ತನ್ನ ಪಾಲಿಗೆ ಸೌರ ಹೀಟರನ್ನು ಕೊಡಿಸಿದ್ದಾನೆ.

ಎಲ್ಲ ಮನೆಗಳ ಕತೆ ಇಷ್ಟು ಸುಲಭವಲ್ಲ. ತ್ಯಾವರೆಕೊಪ್ಪ ದಾಟಿ ಒಳಗಿನ ಹಾದಿ ಹಿಡಿದರೆ ಶರಾವತಿಯ ಮುಳುಗಡೆಯಲ್ಲಿ ಊರು ಕಳೆದುಕೊಂಡು ಬಂದವರ ಮನೆಗಳಿವೆ. ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿ ವಿದ್ಯುದಾಗಾರ ಬೆಳೆದು 1,035 ಮೆಗಾವಾಟಿನ ಸಾಮರ್ಥ್ಯ ಪಡೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ಈ ಜಿಲ್ಲೆಯ ಕಾಡಿನ ಇದ್ದಿಲಿನಲ್ಲಿ ಕಬ್ಬಿಣ ಕರಗಿಸುತ್ತಿತ್ತು. ಆಮೇಲೆ ಜೋಗದ ವಿದ್ಯುತ್ತೂ ಅದಕ್ಕೆ ಒದಗಿತು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನಡಿಯಲ್ಲಿ ತಮ್ಮ ಗದ್ದೆ, ಮನೆ, ಗದ್ದುಗೆಗಳನ್ನು ಬಿಟ್ಟು ಬಂದ ಕುಟುಂಬಗಳಲ್ಲಿ ಅನೇಕರಿಗೆ ಅರಣ್ಯಭೂಮಿಯಲ್ಲಿ ನೆಲೆ ಸಿಕ್ಕಿತು. ಆ ನೆಲದ ಹಕ್ಕಿನ ಪ್ರಶ್ನೆ ಮೂರನೆಯ ತಲೆಮಾರಿಗೂ ಬಗೆಹರಿದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬ್ಯಾಂಕಿನ ಮನೆಸಾಲವಿಲ್ಲ. ಸೂರ್ಯಘರ್ ಯೋಜನೆಗೂ ಮೀಟರು ಮತ್ತು ಮಾಡಿನ ಹಕ್ಕು ಅರ್ಜಿದಾರರದ್ದಾಗಿರಬೇಕು. ಹೀಗಾಗಿ ವಿದ್ಯುತ್ತಿಗಾಗಿ ಎಲ್ಲವನ್ನೂ ಕೊಟ್ಟವರ ಮೊಮ್ಮಕ್ಕಳೇ ಆ ಯೋಜನೆಗಳ ಸಾಲಿನಲ್ಲಿ ಕೊನೆಗೆ ನಿಂತಿದ್ದಾರೆ. ಉಪಾಯ ಹೇಳಲು ಹೋದ ನಾವು ಇಲ್ಲಿ ಬಹಳ ಹೊತ್ತು ಕೇಳುತ್ತಲೇ ಕುಳಿತೆವು.

ಅಂತಹ ಒಂದು ಮನೆಯ ಅಜ್ಜಿ, "ಕುಂತ್ಕಳ್ರಿ ಸ್ವಾಮಿ, ಹಾಲು ಕುಡ್ದು ಹೋಗ್ರಿ" ಎಂದು ಒಳಗೆ ಕರೆದರು. ಅವರ ಸೊಸೆ ಊರಿನ ಸ್ವಸಹಾಯ ಸಂಘದ ಸದಸ್ಯೆ. ಸಂಘದ ಸಾಲಕ್ಕೆ ಪಹಣಿ ಬೇಡ. ಜೊತೆಗಾರ್ತಿಯರ ಹೊಣೆ ಸಾಕು. ಮೊದಲ ಸಾಲದಲ್ಲಿ ಹಸುವಿನ ಕೊಟ್ಟಿಗೆಯ ಪಕ್ಕದಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದಾರೆ. ನಮಗೆ ಹಾಲು ಕಾದದ್ದು ಅದರ ಉರಿಯಲ್ಲಿಯೇ. ಸಾಲ ತೀರಲು ಇನ್ನು ನಾಲ್ಕು ಕಂತು ಬಾಕಿಯಿದೆ ಎಂದು ಸೊಸೆ ಬೆರಳು ಮಡಿಸಿ ತೋರಿಸಿದರು. ಅದು ಮುಗಿದ ಮೇಲೆ ಎರಡನೆಯ ಸಾಲ ಅಡಿಗೆಮನೆಯ ಮಾಡಿಗಂತೆ. ಯಾರೋ ಕೆಡವಿದ ಮನೆಯಿಂದ ಕಡಿಮೆ ಬೆಲೆಗೆ ತಂದ ಮಂಗಳೂರು ಹೆಂಚುಗಳನ್ನು ಆಗಲೇ ಅಂಗಳದ ಮೂಲೆಯಲ್ಲಿ ಒಟ್ಟಿದ್ದರು. ಅವುಗಳ ನಡುವೆ ಎರಡು ಗಾಜಿನ ಹೆಂಚುಗಳೂ ಇದ್ದವು.