ಮಂಜಿನ ಗುಡ್ಡಗಳ ಒಗರು

ಮದ್ಯದ ಹೆಸರೆತ್ತಿದರೆ ಪೋಷಕರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಇದು ಕುಡಿಯುವವರಿಗಾಗಿ ಬರೆದದ್ದಲ್ಲ. ಒಂದು ಊರಿನ ಮಣ್ಣು, ಮಂಜು ಮತ್ತು ನಮ್ಮ ನಾಲಿಗೆಯ ವಿಚಾರ.

ಇಟಲಿಯ ವಾಯವ್ಯ ಮೂಲೆಯಲ್ಲಿ, ಟ್ಯೂರಿನ್ ನಗರದ ದಕ್ಷಿಣಕ್ಕೆ ಲಾಂಗೆ ಎಂಬ ಗುಡ್ಡಗಾಡು ಇದೆ. ಲಕ್ಷಾಂತರ ವರ್ಷಗಳ ಹಿಂದೆ ಇದು ಕಡಲತಳ. ಅದಕ್ಕೇ ಇಲ್ಲಿಯದು ಸುಣ್ಣ ಬೆರೆತ ಜೇಡಿಮಣ್ಣು. ಇಳಿಜಾರುಗಳ ತುಂಬ ದ್ರಾಕ್ಷಿ ಸಾಲುಗಳು. ಈ ಭೂದೃಶ್ಯವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ಬರೋಲೊ ಎಂಬ ಹಳ್ಳಿಯಲ್ಲಿ ಹಳೆಯ ಕೋಟೆಯೊಂದನ್ನು ಬಿಟ್ಟರೆ ಸಾವಿರ ಜನವೂ ಇಲ್ಲ. ಇಟಲಿಯ ಅತಿ ದುಬಾರಿ ಕೆಂಪು ವೈನ್‌ಗಳಲ್ಲೊಂದಕ್ಕೆ ಅದರದೇ ಹೆಸರು. (ಮಕ್ಕಳಿಗೆ ಹತ್ತಿರದ ಆಲ್ಬಾ ಪಟ್ಟಣವೇ ಹೆಚ್ಚು ಇಷ್ಟವಾದೀತು. ನ್ಯುಟೆಲ್ಲಾ ಹುಟ್ಟಿದ್ದು ಅಲ್ಲಿ!)

ದ್ರಾಕ್ಷಿಯ ತಳಿ ನೆಬ್ಬಿಯೋಲೊ. ಇಟಾಲಿಯನ್ ಭಾಷೆಯಲ್ಲಿ 'ನೆಬ್ಬಿಯಾ' ಎಂದರೆ ಮಂಜು. ಹೆಸರು ಅದರಿಂದಲೇ ಬಂತೆಂದು ಹಲವರ ನಂಬಿಕೆ. ಎಲ್ಲಕ್ಕಿಂತ ಮೊದಲು ಚಿಗುರಿ, ಎಲ್ಲಕ್ಕಿಂತ ಕೊನೆಗೆ ಮಾಗುವ ಹಟಮಾರಿ ಬಳ್ಳಿ ಇದು. ಕೊಯ್ಲು ಅಕ್ಟೋಬರ್‌ನಲ್ಲಿ, ಕಣಿವೆಗಳನ್ನು ಮಂಜು ತುಂಬುವ ಹೊತ್ತಿಗೆ. 19ನೇ ಶತಮಾನದ ಮಧ್ಯಭಾಗದವರೆಗೆ ಇಲ್ಲಿನ ವೈನ್ ಬಹುಮಟ್ಟಿಗೆ ಸಿಹಿಯಾಗಿತ್ತು. ಕಾರಣ ಸರಳ: ಚಳಿ ಏರಿದಂತೆ ಯೀಸ್ಟ್ ಕೆಲಸ ನಿಲ್ಲಿಸುತ್ತದೆ, ಸಕ್ಕರೆ ಉಳಿದುಬಿಡುತ್ತದೆ. ಯೀಸ್ಟ್ ಸಕ್ಕರೆಯನ್ನೆಲ್ಲ ಆಲ್ಕೊಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಪರಿವರ್ತಿಸಿ ಮುಗಿಸಿದರೆ ಅದು 'ಡ್ರೈ' ವೈನ್. ಒಣಗಿದ್ದು ನೀರಲ್ಲ, ಸಿಹಿ.

ಸಿಹಿ ಹೋದ ಮೇಲೆ ಎದ್ದು ಕಾಣುವುದು ಒಗರು. ನೋಡಲು ಬರೋಲೊ ತೆಳು ಕೆಂಪು, ಹಳತಾದರೆ ಇಟ್ಟಿಗೆಯ ಬಣ್ಣ. ವಾಸನೆ ಗುಲಾಬಿಯದೂ ಡಾಂಬರಿನದೂ ಎಂದು ಬಲ್ಲವರು ವರ್ಣಿಸುತ್ತಾರೆ. ಇದೆಂಥ ಜೋಡಿ! ಬಾಯಿಗೆ ಬಿದ್ದಾಗ ಮಾತ್ರ ಹಸಿ ಅಡಿಕೆ ಅಗಿದಂತೆ, ಗೇರುಹಣ್ಣು ಕಚ್ಚಿದಂತೆ ನಾಲಿಗೆ ಹಿಡಿದುಕೊಳ್ಳುತ್ತದೆ. ಸಿಪ್ಪೆ, ಬೀಜಗಳ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರಿಕೆಯನ್ನು ಕಸಿಯುವುದೇ ಇದಕ್ಕೆ ಕಾರಣ. ನಮ್ಮ ಹಿರಿಯರು ಒಗರನ್ನು ಷಡ್ರಸಗಳಲ್ಲಿ ಎಣಿಸಿದರು. ಇಂದಿನ ವಿಜ್ಞಾನ ಅದನ್ನು ಬಹುಪಾಲು ಸ್ಪರ್ಶದ ಅನುಭವವೆನ್ನುತ್ತದೆ. ಊಟದ ಎಲೆಯ ಮುಂದೆ ನಾನಂತೂ ಹಿರಿಯರ ಕಡೆ.

ಈ ಒಗರು ಮೆತ್ತಗಾಗಲು ಕಾಲ ಬೇಕು. ಕಾಯ್ದೆಯ ಪ್ರಕಾರ ಬರೋಲೊ ಕನಿಷ್ಠ 38 ತಿಂಗಳು ಹಳತಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಟ್ಯಾನಿನ್ ಅಣುಗಳು ಒಂದಕ್ಕೊಂದು ಕೂಡಿ, ಕೆಲವು ಗಷ್ಟಾಗಿ ತಳ ಸೇರುತ್ತವೆ.

ಕಾಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಬರೋಲೊಕ್ಕೆ ಸಮೀಪದ ನಾರ್ಜೋಲೆಯ ವ್ಯಾಪಾರಿಗಳು ಅಗ್ಗದ ವೈನಿನ ಮದ್ಯಾಂಶ ಏರಿಸಲು ಮೆಥನಾಲ್ ಬೆರೆಸಿದ್ದು 1986ರಲ್ಲಿ ಬಯಲಾಯಿತು. 20ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕುರುಡರಾದರು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಹಿಡಿಯುವುದು ಕಣ್ಣಿನ ನರವನ್ನು. ಅದು ಬರೋಲೊ ಆಗಿರಲಿಲ್ಲ. ಆದರೂ ಇಟಲಿಯ ವೈನ್ ಎಂದರೆ ಪರದೇಶದವರು ಹಿಂಜರಿಯುವಂತಾಯಿತು, ಪ್ರಾಮಾಣಿಕ ರೈತರಿಗೂ ಪೆಟ್ಟು ಬಿತ್ತು. ಈಗ ಬರೋಲೊ ಸೀಸೆಯ ಕತ್ತಿಗೆ ಸರಕಾರದ ಕ್ರಮಸಂಖ್ಯೆಯುಳ್ಳ ಕಾಗದದ ಪಟ್ಟಿ ಅಂಟಿರುತ್ತದೆ. ಅದನ್ನು ಹರಿಯದೆ ಮುಚ್ಚಳ ತೆಗೆಯಲಾಗದು.