ಆಸ್ಟಿನ್‌ನಿಂದ ಒಂದು ಓಲೆ: ಶಿವಮೊಗ್ಗದ ಒತ್ತಕ್ಷರ

ಆಸ್ಟಿನ್, ಟೆಕ್ಸಾಸ್
15 ಜುಲೈ 2023

ತಂಗಿಗೆ,

ಅಂಕಿಅಂಶಗಳನ್ನು ರೇಖೆ, ಸ್ತಂಭ, ಬಣ್ಣಗಳಾಗಿ ಮಾರ್ಪಡಿಸಿ ಕಣ್ಣಿಗೆ ಕಾಣಿಸುವ ವಿದ್ಯೆಗೆ ದತ್ತಾಂಶ ಚಿತ್ರಣ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಬಹಳ ಮಂದಿ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ಗೆ 2023ಕ್ಕೆ ಇಪ್ಪತ್ತು ವರ್ಷ ತುಂಬಿದೆ. ಅದು ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕೊಂಡ ತಂತ್ರಾಂಶ ಕೈಕೊಟ್ಟರೆ ಮಾರಿದವರನ್ನು ಕೇಳಬಹುದು, ಮಾರುವವರೇ ಇಲ್ಲದ ಕಡೆ ಯಾರನ್ನು ಕೇಳುವುದು ಎಂಬುದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ತಂಗಿಯ ಬಹುದಿನದ ಪ್ರಶ್ನೆ. ಆ ಪ್ರಶ್ನೆಗೆ ಈ ಊರಿನಲ್ಲಿ ನಡೆಯುತ್ತಿರುವ ಸೈಪೈ ಸಮ್ಮೇಳನ, ಅಂದರೆ ವಿಜ್ಞಾನಕ್ಕಾಗಿ ಪೈಥಾನ್ ಬಳಸುವವರ ವಾರ್ಷಿಕ ಕೂಟ, ತಕ್ಕಮಟ್ಟಿಗೆ ಉತ್ತರ ಕೊಟ್ಟಿದೆ.



ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಆರಂಭಿಸಿದ ಜಾನ್ ಹಂಟರ್ ವೃತ್ತಿಯಿಂದ ತಂತ್ರಾಂಶ ತಯಾರಕರಲ್ಲ, ನರವಿಜ್ಞಾನಿ. ಷಿಕಾಗೋದಲ್ಲಿ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ಕಾಣಲು ತಕ್ಕ ಸಾಧನ ಸಿಗದೆ ತಾವೇ ಬರೆಯತೊಡಗಿ, 2003ರಲ್ಲಿ ಅದನ್ನು ಎಲ್ಲರ ಕೈಗಿಟ್ಟರು. 2012ರ ಜುಲೈನಲ್ಲಿ ಇದೇ ಆಸ್ಟಿನ್‌ನಲ್ಲಿ, ಇದೇ ಸಮ್ಮೇಳನದಲ್ಲಿ ಮುಖ್ಯ ಭಾಷಣ ಮಾಡಿದ ಅವರು ಆಗಸ್ಟ್ 28ರಂದು ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ 44ನೆಯ ವಯಸ್ಸಿಗೇ ತೀರಿಕೊಂಡರು. ಹೊಣೆಯನ್ನು ಮೊದಲು ಮೈಕೇಲ್ ಡ್ರೋಟ್‌ಬೂಮ್, ಬಳಿಕ ಥಾಮಸ್ ಕ್ಯಾಸ್ವೆಲ್ ಹೊತ್ತರು. 2019ರಲ್ಲಿ ಜಗತ್ತು ಕಂಡ ಕಪ್ಪುರಂಧ್ರದ ಮೊದಲ ಚಿತ್ರದ ಹಿಂದಿನ ಸಾಧನಗಳಲ್ಲಿ ಈ ತಂತ್ರಾಂಶವೂ ಇತ್ತು. ಕಟ್ಟಿದವನು ಹೋದ ಮೇಲೂ ಮನೆ ನಿಂತದ್ದು, ಒಳಗೆ ಸೇರಿಕೊಂಡವರು ಅದನ್ನು ತಮ್ಮದೆಂದು ನೋಡಿಕೊಂಡುದರಿಂದ.

ಸಮ್ಮೇಳನದ ಕೊನೆಯ ಎರಡು ದಿನಗಳು ಸ್ಪ್ರಿಂಟ್‌ಗೆ ಮೀಸಲು. ಸ್ಪ್ರಿಂಟ್ ಎಂದರೆ ಒಂದೊಂದು ತಂತ್ರಾಂಶದವರು ಒಂದೊಂದು ಮೇಜಿನ ಸುತ್ತ ಕುಳಿತು, ಹೊಸಬರನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೆಲಸವನ್ನು ಅಲ್ಲಿಯೇ ಮಾಡಿ ತೋರಿಸುವ ಪದ್ಧತಿ. ಇಲ್ಲಿ ಸಹಾಯ ಕೇಳುವುದಕ್ಕೂ ಸಹಾಯ ಮಾಡುವುದಕ್ಕೂ ನಡುವೆ ಗೋಡೆ ಇಲ್ಲ. ತೊಂದರೆಯನ್ನು ಹೇಳಬಯಸುವವರು ಮೊದಲು ಒಂದು ಕಿರು ಉದಾಹರಣೆಯನ್ನು ಸಿದ್ಧಪಡಿಸಬೇಕು: ನೂರಾರು ಸಾಲುಗಳ ಪ್ರೋಗ್ರಾಮಿನಿಂದ ತೊಂದರೆಗೆ ಸಂಬಂಧಪಡದ ಎಲ್ಲವನ್ನೂ ಕಳೆಯುತ್ತ ಹೋಗಿ, ಬೇರೆಯವರ ಕಂಪ್ಯೂಟರಿನಲ್ಲೂ ಅದೇ ತಪ್ಪು ಮೂಡಿಸುವ ಐದಾರು ಸಾಲುಗಳಿಗೆ ಇಳಿಸುವುದು. ಹೀಗೆ ಕಳೆಯುವಾಗ ಎಷ್ಟೋ ಬಾರಿ ತಪ್ಪು ತಾನಾಗಿ ಸಿಕ್ಕುತ್ತದೆ. ಸಿಗದಿದ್ದರೆ ಆ ಐದಾರು ಸಾಲುಗಳೇ ತಂತ್ರಾಂಶಕ್ಕೆ ಸಂದ ಮೊದಲ ಕಾಣಿಕೆಯಾಗುತ್ತವೆ. ತಿದ್ದುಪಡಿಯನ್ನು ಸಿದ್ಧಪಡಿಸಿದವರು ಅದನ್ನು ಪುಲ್ ರಿಕ್ವೆಸ್ಟ್ ಆಗಿ, ಅಂದರೆ ಮೂಲದಲ್ಲಿ ಸೇರಿಸಿಕೊಳ್ಳಿರೆಂಬ ಕೋರಿಕೆಯಾಗಿ, ಸಲ್ಲಿಸುತ್ತಾರೆ. ಹಿರಿಯರು ಅದನ್ನು ಸಾಲುಸಾಲಾಗಿ ಓದುತ್ತಾರೆ, ಜೊತೆಗೆ ಹೊಸದಾಗಿ ಬಿಡಿಸಿದ ಚಿತ್ರಗಳನ್ನು ಮೊದಲೇ ಇಟ್ಟುಕೊಂಡ ಮಾದರಿ ಚಿತ್ರಗಳೊಂದಿಗೆ ಯಂತ್ರವೇ ಹೋಲಿಸಿ ನೋಡುತ್ತದೆ. ವಿವರಣೆಯ ಪುಟದಲ್ಲಿ ಒಂದು ವಾಕ್ಯವನ್ನು ತಿಳಿಯಾಗಿಸುವುದಕ್ಕೂ ಇದೇ ದಾರಿ, ಇದೇ ಗೌರವ.

ಪ್ರೋಗ್ರಾಮ್ ಬರೆಯದವರ ಮಾತಿಗೂ ಇಲ್ಲಿ ತೂಕವಿದೆ. ಬಹುಕಾಲ ಬಳಕೆಯಲ್ಲಿದ್ದ ಜೆಟ್ ಎಂಬ ಕಾಮನಬಿಲ್ಲಿನಂಥ ಬಣ್ಣಪಟ್ಟಿ, ದತ್ತಾಂಶದಲ್ಲಿ ಇಲ್ಲದ ಅಂಚುಗಳನ್ನು ಚಿತ್ರದಲ್ಲಿ ತೋರಿಸಿ ಕಣ್ಣಿಗೆ ಮೋಸ ಮಾಡುತ್ತಿತ್ತು. 2015ರಲ್ಲಿ ಸ್ಟೆಫಾನ್ ವಾನ್ ಡರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ ಹೊಸ ಪಟ್ಟಿಗಳನ್ನು ರೂಪಿಸಿ ಎಲ್ಲರ ಅಭಿಪ್ರಾಯ ಕೇಳಿದರು. ಬಣ್ಣಗುರುಡು ಇರುವವರಿಗೂ ಏರಿಳಿತ ತಿಳಿಯುವಂತೆ ಮಾಡಿದ ವಿರಿಡಿಸ್, 2017ರ 2.0 ಆವೃತ್ತಿಯಿಂದ ಜೆಟ್‌ನ ಜಾಗಕ್ಕೆ ಬಂತು.

ಕನ್ನಡದ ಪಾಲಿಗೆ ಇಂಥ ತಿದ್ದುಪಡಿ 2023ರ ಈ ಹೊತ್ತಿಗೂ ಬಾಕಿ ಇದೆ. ಜಿಲ್ಲಾವಾರು ಮಳೆಯ ಸ್ತಂಭನಕ್ಷೆಯಲ್ಲಿ ಶಿವಮೊಗ್ಗ, ಮಂಡ್ಯ, ಚಿಕ್ಕಮಗಳೂರು ಎಂದು ಬರೆದರೆ, ಕನ್ನಡದ ಫಾಂಟ್ ಕೊಟ್ಟ ಮೇಲೂ, ಒತ್ತಕ್ಷರಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಸಾಲಿನಲ್ಲೇ ನಿಲ್ಲುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್ ಫಾಂಟಿನಿಂದ ಒಂದೊಂದೇ ಆಕೃತಿಯನ್ನು ತೆಗೆದು ಪಕ್ಕಪಕ್ಕ ಇಡುತ್ತದೆಯೇ ಹೊರತು, ಅಕ್ಷರಗಳು ಕೂಡಿದಾಗ ರೂಪ ಬದಲಿಸುವ ಲಿಪಿಗಳಿಗೆ ಬೇಕಾದ ಜೋಡಣೆಯ ಹಂತ 2023ರ ಈ ಹೊತ್ತಿಗೆ ಅದರೊಳಗಿಲ್ಲ. ಎಂಪಿಎಲ್‌ಕೈರೋ ಎಂಬ ಪ್ರತ್ಯೇಕ ಸಾಧನವನ್ನು ಸೇರಿಸಿಕೊಂಡರೆ ಈ ಕೊರತೆ ನೀಗುತ್ತದೆ, ಆದರೆ ಅದನ್ನು ಹುಡುಕಿ ಅಳವಡಿಸಿಕೊಳ್ಳುವಷ್ಟು ಪುರುಸೊತ್ತು ವಿದ್ಯಾರ್ಥಿಗಳಿಗೆ ಎಲ್ಲಿಯದು? ಆಸ್ಟಿನ್‌ನ ಮೇಜಿನ ಸುತ್ತ ಕುಳಿತವರು ಎಷ್ಟೇ ಜಾಣರಾದರೂ, ಗಕಾರದ ಕೆಳಗೆ ಒತ್ತು ಸರಿಯಾಗಿ ಕೂತಿದೆಯೇ ಎಂದು ನೋಡಿ ಹೇಳಲು ಕನ್ನಡ ಓದಬಲ್ಲ ಕಣ್ಣೇ ಬೇಕು. ತಪ್ಪು ಮೂಡಿದ ಗ್ರಾಫಿನ ಮೇಲೆ ಪೆನ್ನಿನಿಂದ ಊರ ಹೆಸರು ತಿದ್ದಿ ತರಗತಿಗೆ ಹಂಚುವ ತಂಗಿಯ ಬಳಿ ಆ ಕಣ್ಣೂ ಇದೆ, ಉದಾಹರಣೆಗಳೂ ಇವೆ.

ಆದ್ದರಿಂದ ತಂಗಿಯು ಈ ಓಲೆ ತಲುಪಿದ ಕೂಡಲೇ ಶಿವಮೊಗ್ಗ ಎಂಬ ಒಂದೇ ಹೆಸರನ್ನು ಬರೆಯುವ ಐದು ಸಾಲಿನ ಪ್ರೋಗ್ರಾಮನ್ನೂ, ಅದು ಮೂಡಿಸಿದ ಚಿತ್ರವನ್ನೂ, ಮೂಡಬೇಕಾಗಿದ್ದ ರೂಪವನ್ನು ಕೈಯಿಂದ ಬರೆದ ಹಾಳೆಯ ಫೋಟೋವನ್ನೂ ಒಟ್ಟಿಗೆ ಸಿದ್ಧಮಾಡಿ, ಮ್ಯಾಟ್‌ಪ್ಲಾಟ್‌ಲಿಬ್ ಬಳಗಕ್ಕೆ ತನ್ನ ಹೆಸರಿನಲ್ಲೇ ಸಲ್ಲಿಸಬೇಕು.

ಇಂತಿ,
ಅಣ್ಣ