ಬಸ್ಸು ಹೊರಡುವ ಹೊತ್ತು

ನಮ್ಮ ನಲ್ಲೂರಿನಿಂದ ದೇವನಹಳ್ಳಿಗೆ ಹೋಗುವ ಬೆಳಗಿನ ಬಸ್ಸು ಯಾರಿಗೂ ಕಾಯುವುದಿಲ್ಲ. ಡಬ್ಬಿಗೆ ಚಟ್ನಿ ಬಿದ್ದಿರಲಿ, ಬಿಡಲಿ, ಅದು ಹೊರಟೇಬಿಡುತ್ತದೆ. ಎಷ್ಟೋ ಸಲ ಶಪಿಸಿದ್ದೇನೆ. ಅದರ ಬೆಲೆ ತಿಳಿಸಿದವಳು ನನ್ನ ಮಗಳು, ಅದೂ ಕಂಪ್ಯೂಟರಿನ ನೆಪದಲ್ಲಿ.

ಬಿಡುವಾದಾಗಲೆಲ್ಲ ಅವಳು ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತಾಳೆ. ಯಾರು ಬೇಕಾದರೂ ಬಳಸಬಹುದು, ಒಳಗೆ ಬರೆದದ್ದನ್ನು ಓದಿ ತಿದ್ದಬಹುದು, ಅಂಥ ತಂತ್ರಾಂಶ ಅದು. ಕಟ್ಟುವವರಲ್ಲಿ ಎಷ್ಟೋ ಮಂದಿಗೆ ಸಂಬಳವಿಲ್ಲ, ಒಬ್ಬರ ಮುಖ ಒಬ್ಬರು ಕಂಡದ್ದೂ ಇಲ್ಲ.

"ಹಾಗಾದರೆ ಕೆಲಸ ಮುಗಿಯಿತು ಅಂತ ಹೇಳೋರು ಯಾರೇ?" ಎಂದೆ.

"ಯಾರೂ ಹೇಳಲ್ಲಮ್ಮ, ಕ್ಯಾಲೆಂಡರ್ ಹೇಳುತ್ತೆ" ಎಂದಳು.

ಡೆಬಿಯನ್ ತಂಡದವರು ಆಗ "ಸಿದ್ಧವಾದಾಗ ಕೊಡುತ್ತೇವೆ" ಎನ್ನುವ ಪೈಕಿಯಂತೆ. 2002ರ ಜುಲೈನಲ್ಲಿ ಒಂದು ಆವೃತ್ತಿ ಬಂದರೆ ಮುಂದಿನದು ಬಂದದ್ದು 2005ರ ಜೂನ್‌ನಲ್ಲಿ. ಅದರ ಮೇಲೆಯೇ ಕಟ್ಟಿದ ಉಬುಂಟು 2004ರ ಅಕ್ಟೋಬರಿನಿಂದ ಬೇರೆ ದಾರಿ ಹಿಡಿಯಿತು. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್. ಕೆಲವು ವಾರ ಮುಂಚೆಯೇ ಹೊಸದನ್ನು ಸೇರಿಸುವುದು ನಿಲ್ಲುತ್ತದೆ, ಆಮೇಲೆ ತಪ್ಪು ತಿದ್ದುವುದಷ್ಟೇ. ಪರದೆಯ ಮೇಲಿನ ಮಾತುಗಳನ್ನು ಕೊನೆಗಳಿಗೆಯಲ್ಲಿ ಬದಲಿಸುತ್ತಿದ್ದರೆ ಅನುವಾದಿಸುವವರು ಏನು ಮಾಡಬೇಕು? ಸಿದ್ಧವಾಗದ್ದು ಮುಂದಿನ ಬಸ್ಸಿಗೆ. 2006ರಲ್ಲಿ ಒಮ್ಮೆ ಏಪ್ರಿಲ್‌ನದು ಜೂನ್‌ಗೆ ಹೋಯಿತು. ವರ್ಷಗಟ್ಟಲೆ ಬಾಳಬೇಕಾದ ಆವೃತ್ತಿ, ಆರು ವಾರ ಹೆಚ್ಚು ಬೇಕು ಎಂದು ಮೊದಲೇ ಹೇಳಿ, ಹೇಳಿದ ಹಾಗೆ ತಂದರು.

ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನ ಕೈ ನಿಂತಿತು.

ನಮ್ಮ ಶಾಲೆಯಲ್ಲೊಂದು ಕೈಬರಹದ ಪತ್ರಿಕೆ ತರಬೇಕೆಂದು ಹೊರಟವಳು ನಾನೇ. ಎಂಟನೇ ತರಗತಿಯ ಹುಡುಗಿಯೊಬ್ಬಳು ನಮ್ಮೂರಿನ ಹುಣಸೆ ತೋಪಿನ ಬಗ್ಗೆ ಬರೆದುಕೊಟ್ಟಳು. 54 ಎಕರೆಯ ಆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು. ಅವಳು ಬರೆದದ್ದು ಅದನ್ನಲ್ಲ. ಅಜ್ಜಿಯ ಜೊತೆ ಅಲ್ಲಿ ಹಣ್ಣು ಆಯ್ದದ್ದನ್ನು, ಪೊಟರೆಯೊಳಗೆ ಅವಿತುಕೊಂಡದ್ದನ್ನು.

"ಮಿಸ್, ಈ ವಾರ ಬರುತ್ತಾ?" ಎಂದು ಸೋಮವಾರ ಸೋಮವಾರ ಕೇಳುತ್ತಿದ್ದಳು. ನನಗೋ ಪುಟ ಸಾಲದು, ಚಿತ್ರ ಚೆನ್ನಾಗಿಲ್ಲ, ಕಾಗುಣಿತ ಇನ್ನೊಮ್ಮೆ ನೋಡಬೇಕು. ಪರೀಕ್ಷೆ ಬಂತು, ಬೇಸಿಗೆ ರಜೆ ಬಂತು. ಜೂನ್‌ನಲ್ಲಿ ಶಾಲೆ ತೆರೆದಾಗ ಅವರ ಮನೆಯವರು ಊರು ಬಿಟ್ಟಿದ್ದರು. ಅವಳು ಕೇಳುವುದನ್ನು ಯಾವಾಗ ನಿಲ್ಲಿಸಿದಳೋ, ಅದೂ ನನಗೆ ನೆನಪಿರಲಿಲ್ಲ.

ಮಗಳ ಮಾತು ಕೇಳಿದ ಮೇಲೆ ತಿಂಗಳ ಮೊದಲ ಸೋಮವಾರವನ್ನು ಗೊತ್ತು ಮಾಡಿದೆ. ಹಿಂದಿನ ಬುಧವಾರದವರೆಗೆ ಬಂದದ್ದು ಆ ತಿಂಗಳಿಗೆ, ಉಳಿದದ್ದು ಮುಂದಿನದಕ್ಕೆ. ಎಂಟು ಪುಟವಾದರೆ ಎಂಟು, ನಾಲ್ಕಾದರೆ ನಾಲ್ಕು. ಮೊದಲ ಸಂಚಿಕೆಗೆ ಬೀರುವಿನಿಂದ ಆ ಹುಡುಗಿಯ ಹಾಳೆಯನ್ನೇ ತೆಗೆದು ಅಂಟಿಸಿದೆ. ತಿದ್ದಬೇಕೆಂದು ಅಷ್ಟು ದಿನ ಇಟ್ಟುಕೊಂಡಿದ್ದ ಬರಹದಲ್ಲಿ ಇದ್ದದ್ದು ಎರಡೇ ತಪ್ಪು.

ಮಕ್ಕಳು ಮುತ್ತಿಕೊಂಡು ಓದಿದರು. ನೋಡಬೇಕಾದವಳೊಬ್ಬಳು ಇರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಮ್ಮಮ್ಮ ಅನ್ನುತ್ತಿದ್ದದ್ದು ಇದನ್ನೇ.